ಒಳ್ಳೆಯ ಕ್ರಿಮಿಗಳ ಡಬ್ಬಿ

ಸಿಟಿ ಬಸ್ಸು ಓಡಿಸುವವರಿಗೆ ಹೊಟ್ಟೆ ಕೆಡಬಾರದು. ಆಫೀಸಿನಲ್ಲಿ ಕೂರುವವರಿಗೆ ಕೆಟ್ಟರೆ ಎದ್ದು ಹೋಗಿ ಬರುತ್ತಾರೆ. ಮೇಷ್ಟ್ರಿಗೆ ಕೆಟ್ಟರೆ ಮಕ್ಕಳಿಗೆ ಏನಾದರೂ ಬರೆಯಲು ಕೊಟ್ಟು ಒಂದು ಗಳಿಗೆ ಮಾಯವಾಗುತ್ತಾರೆ. ಬೆನ್ನ ಹಿಂದೆ ಒಂದು ಬಸ್ಸು ತುಂಬ ಜನರನ್ನು ಹೊತ್ತುಕೊಂಡು, ಮುಂದೆ ಕೆಂಪು ದೀಪ ನೋಡುತ್ತ ಕೂತವಳು ಎಲ್ಲಿಗೆ ಹೋಗಬೇಕು? ಆ ವಾರವೆಲ್ಲ ಅವಳು ಹಲ್ಲು ಕಚ್ಚಿಕೊಂಡೇ ಬಸ್ಸು ಓಡಿಸಿದಳು. ಕಚ್ಚಲು ಹಲ್ಲೂ ಸರಿಯಿರಲಿಲ್ಲ. ದವಡೆಹಲ್ಲು ಕೀವಾಗಿ, ಕಿತ್ತಿಸಿಕೊಂಡು, ಆಂಟಿಬಯಾಟಿಕ್ ಮಾತ್ರೆ ಶುರುಮಾಡಿದ ಮೇಲೆಯೇ ಈ ಹೊಟ್ಟೆಯ ರಗಳೆ ಅಂಟಿಕೊಂಡದ್ದು.

ಕೊನೆಯ ಸ್ಟಾಪಿನಲ್ಲಿ ಟೈಮ್ ಆಫೀಸಿನ ಹಿಂದೆ ಒಂದು ಪಾಯಿಖಾನೆ ಇತ್ತು. ಅದರ ಬೀಗದ ಕೈ ಟೈಮ್ ಕೀಪರನ ಮೇಜಿನ ಖಾನೆಯಲ್ಲಿರುತ್ತಿತ್ತು. ಬಸ್ಸು ನಿಂತ ಕೂಡಲೇ ಅವಳು ಇಳಿದು ಓಡಿಬರುವುದನ್ನು ನೋಡಿ ಆತ ಏನೂ ಕೇಳದೆ ಕೈ ಚಾಚಿ ಬೀಗದ ಕೈ ಹಿಡಿದಿರುತ್ತಿದ್ದ. ಮೂರನೆಯ ದಿನವಂತೂ, "ಮೇಡಂ, ಇದನ್ನ ನಿಮ್ಮ ಹತ್ರಾನೇ ಇಟ್ಕೊಂಡುಬಿಡಿ, ನನಗೂ ಸುಮ್ನೆ ಕೈನೋವು" ಎಂದ. ನಗು ಬಂದರೂ ನಗುವಷ್ಟು ತ್ರಾಣ ಅವಳಲ್ಲಿರಲಿಲ್ಲ. ನಕ್ಕರೆ ಇನ್ನೇನಾಗುತ್ತದೋ ಎಂಬ ಭಯವೂ ಇತ್ತು.

ಸ್ಟಾಪಿನ ಎದುರಿಗಿದ್ದ ಔಷಧಿ ಅಂಗಡಿಯಲ್ಲಿ ಕೇಳಿದಾಗ ಪ್ರೋಬಯಾಟಿಕ್ ಕ್ಯಾಪ್ಸೂಲಿನ ಒಂದು ಡಬ್ಬಿ ಕೊಟ್ಟರು. ಹೊಟ್ಟೆಗೆ ಒಳ್ಳೆಯದು ಎಂದಷ್ಟೇ ಕಿವಿಗೆ ಬಿದ್ದದ್ದು. ನಾಲ್ಕು ದಿನ ನುಂಗಿದಳು. ಏನೂ ಆಗಲಿಲ್ಲ. ಐದನೆಯ ದಿನ ಎರಡು ಟ್ರಿಪ್ಪುಗಳ ನಡುವೆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಜಗಳಕ್ಕೆಂದೇ ಅಂಗಡಿಗೆ ಹೋದಳು.

"ನಿಮ್ಮ ಮಾತ್ರೆ ದಂಡ ನೋಡಿ. ಏನೂ ಉಪಯೋಗಕ್ಕೆ ಬರಲಿಲ್ಲ."

ಕೌಂಟರಿನಲ್ಲಿದ್ದ ಫಾರ್ಮಸಿಸ್ಟ್ ನರೆತ ಕೂದಲಿನ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಿದ್ದ ಹೆಂಗಸು. ಅವಳೂ ಬೆಳಿಗ್ಗೆಯಿಂದ ನಿಂತೇ ಇದ್ದಳೆಂದು ಕಾಣುತ್ತದೆ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿಕೊಂಡು ಕೇಳಿದಳು. "ಹೆಂಗೆ ತಗೊಂಡ್ರಿ?"

"ಹೆಂಗೆ ಅಂದ್ರೆ? ಬೆಳಿಗ್ಗೆ ಬಸ್ಸು ಹತ್ತಿದ ಮೇಲೆ ಫ್ಲಾಸ್ಕಿನಲ್ಲಿರೋ ಟೀ ಬಗ್ಗಿಸ್ಕೊಂಡು, ಹಲ್ಲಿನ ಮಾತ್ರೆ, ಇದು, ಎರಡೂ ಒಟ್ಟಿಗೆ ಗುಳುಂ."

"ಬಿಸಿ ಟೀನಾ?"

"ಬಿಸೀನೇ. ತಣ್ಣಗಿದ್ರೆ ಟೀ ಯಾಕೆ ಕುಡೀಬೇಕು?"

"ಡಬ್ಬಿ ಎಲ್ಲಿಟ್ಟಿದ್ರಿ?"

"ಸ್ಟೇರಿಂಗ್ ಮುಂದೆ, ಗಾಜಿನ ಹತ್ರ. ಕಣ್ಣಿಗೆ ಕಾಣೋ ಹಾಗಿರ್ಲಿ, ಮರೀಬಾರ್ದು ಅಂತ."

ಫಾರ್ಮಸಿಸ್ಟ್ ಡಬ್ಬಿಯನ್ನು ತೆಗೆದುಕೊಂಡು ಕೆನ್ನೆಗೆ ಒತ್ತಿ ನೋಡಿದಳು. ಬಿಸಿಲಿಗೆ ಅದು ಇನ್ನೂ ಬೆಚ್ಚಗಿತ್ತು. "ಅಮ್ಮಾ, ಇದರೊಳಗೆ ಇರೋದು ಜೀವ. ಬದುಕಿರೋ ಒಳ್ಳೇ ಕ್ರಿಮಿಗಳು. ನೀವು ಮೊದಲು ಬಿಸಿಲಲ್ಲಿ ಬಾಡಿಸಿ, ಆಮೇಲೆ ಟೀಯಲ್ಲಿ ಬೇಯಿಸಿ, ಅದೂ ಸಾಲದು ಅಂತ ಕ್ರಿಮಿ ಕೊಲ್ಲೋ ಮಾತ್ರೆ ಜೊತೆಗೇ ಒಳಗೆ ಕಳಿಸಿದ್ದೀರಿ. ಪಾಪ, ಅವು ಹೊಟ್ಟೆಗೆ ಹೋಗಿ ಏನು ಮಾಡ್ಬೇಕು?"

ಹೊಸ ಡಬ್ಬಿ ಕೈಗಿಡುತ್ತ ಫಾರ್ಮಸಿಸ್ಟ್ ನಿಧಾನವಾಗಿ ಹೇಳಿದಳು. ಹಲ್ಲಿನ ಮಾತ್ರೆ ನುಂಗಿ ಕಡಿಮೆಯೆಂದರೂ ಎರಡು ಗಂಟೆ ಬಿಟ್ಟು ಇದನ್ನು ತೆಗೆದುಕೊಳ್ಳಬೇಕು. ಊಟಕ್ಕೆ ಸ್ವಲ್ಪ ಮುಂಚೆಯಾಗಲಿ ಊಟದ ಜೊತೆಗಾಗಲಿ, ದಿನವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ತಣ್ಣೀರು ಇಲ್ಲವೇ ಉಗುರುಬೆಚ್ಚಗಿನ ನೀರು, ಬಿಸಿಯದು ಬೇಡ. ಫ್ರಿಜ್ಜಿನಲ್ಲಿಡಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಫ್ರಿಜ್ಜಿನಲ್ಲೇ ಇಡಬೇಕು, ಇದರ ಮೇಲೆ ಹಾಗೆ ಬರೆದಿದೆ. ಮೊದಮೊದಲು ಹೊಟ್ಟೆ ಗುಡುಗುಡು ಎಂದರೆ ಗಾಬರಿ ಬೇಡ. ಹಲ್ಲಿನ ಮಾತ್ರೆ ಮುಗಿದ ಮೇಲೂ ಒಂದೆರಡು ವಾರ ಬಿಡದೆ ತೆಗೆದುಕೊಳ್ಳುವುದು ಒಳ್ಳೆಯದು. ಜ್ವರ ಬಂದರೆ, ರಕ್ತ ಬಿದ್ದರೆ ಮಾತ್ರ ಇದನ್ನು ನಂಬಿಕೊಂಡು ಕೂರದೆ ಡಾಕ್ಟರ ಹತ್ತಿರ ಹೋಗಬೇಕು.

ಅಷ್ಟರಲ್ಲಿ ಗಾಜಿನಾಚೆ ಅವಳ ಬಸ್ಸಿನ ಹಿಂದೆ ಇನ್ನೊಂದು ಬಸ್ಸು ಬಂದು ನಿಂತು ಹಾರನ್ ಹೊಡೆಯತೊಡಗಿತು. ಅವಳು ಡಬ್ಬಿಯನ್ನು ಎದೆಗೆ ಅವುಚಿಕೊಂಡು ಬಾಗಿಲಿಗೆ ಓಡಿದಳು. "ಇನ್ನೊಂದು ಮಾತು ಅಮ್ಮಾ, ಮನೇಲಿ ಯಾರಿಗಾದ್ರೂ..." ಎಂದು ಫಾರ್ಮಸಿಸ್ಟ್ ಹಿಂದಿನಿಂದ ಕೂಗಿದ್ದು ಕೇಳಿಸಿತು. ಉಳಿದದ್ದನ್ನು ಹಾರನ್ ನುಂಗಿತು. ಇನ್ನೊಂದು ಡಬ್ಬಿ ಮಾರಲು ನೋಡುತ್ತಿದ್ದಾಳೆ ಎಂದುಕೊಂಡು ಅವಳು ತಿರುಗದೆಯೇ ಕೈಯೆತ್ತಿ, "ಆಯ್ತು ಆಯ್ತು" ಎಂದಳು.

ಹೇಳಿದ ಹಾಗೆಯೇ ತೆಗೆದುಕೊಂಡಳು. ನಿಜವಾಗಿಯೂ ವಾಸಿಯಾಯಿತು. ಒಂದು ವಾರ ತುಂಬುವುದರೊಳಗೆ ಟೈಮ್ ಕೀಪರ್, "ಏನ್ ಮೇಡಂ, ನಮ್ಮನ್ನ ಮರೆತೇಬಿಟ್ರಿ?" ಎಂದು ಕೇಳುವ ಹಾಗಾಯಿತು.

ಮನೆಯಲ್ಲಿದ್ದದ್ದು ಇಬ್ಬರೇ, ಅವಳು ಮತ್ತು ಅವಳ ನಾದಿನಿ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಣ್ಣ ಹೋದ ಮೇಲೆ ತಂಗಿ ಬೇರೆ ಮನೆ ಮಾಡುತ್ತಾಳೆಂದು ನೆಂಟರೆಲ್ಲ ಅಂದುಕೊಂಡಿದ್ದರು. ಅವಳು ಮಾಡಲಿಲ್ಲ, ಅತ್ತಿಗೆಯೂ ಮಾಡು ಎನ್ನಲಿಲ್ಲ. ಹಾಗೆಯೇ ಒಂದೇ ಅಡುಗೆಮನೆಯಲ್ಲಿ ಇಬ್ಬರ ಕೂದಲೂ ಬೆಳ್ಳಗಾದವು. ನಾದಿನಿ ಪರದೆ ಹೊಲಿಯುತ್ತಿದ್ದಳು. ದೊಡ್ಡ ದೊಡ್ಡ ಮನೆಗಳ ಕಿಟಕಿ ಪರದೆಗಳು ಅವಳ ಹೊಲಿಗೆ ಯಂತ್ರದಿಂದ ಇಳಿದು ಇಡೀ ಹಜಾರದಲ್ಲಿ ಹರಡಿಕೊಳ್ಳುತ್ತಿದ್ದವು, ಅತ್ತಿಗೆ ಗೋಡೆಗೆ ಒತ್ತಿಕೊಂಡು ಓಡಾಡಬೇಕಾಗುತ್ತಿತ್ತು. ಚಿಕ್ಕವಳಿದ್ದಾಗ ಒಂದೇ ರಾಗದಲ್ಲಿ ಎಳೆದೆಳೆದು ಅಳುತ್ತಿದ್ದಳೆಂದು ಅಣ್ಣ ಅವಳಿಗೆ ಪಿಟೀಲು ಎಂದು ಹೆಸರಿಟ್ಟಿದ್ದ. ಐವತ್ತು ಸಮೀಪಿಸಿದರೂ ಆ ಹೆಸರು ಹೋಗಿರಲಿಲ್ಲ.

ಈಗ ಹೊಲಿಗೆ ಯಂತ್ರಕ್ಕೆ ಮುಸುಕು ಬಿದ್ದಿತ್ತು. ಎದೆಯಲ್ಲಿ ಗಂಟು ಕಾಣಿಸಿ, ಆಪರೇಷನ್ ಆಗಿ, ಈಗ ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಕೀಮೋ ಹಾಕಿಸಿಕೊಂಡು ಬರುತ್ತಿದ್ದಳು. ಬಂದ ಮೇಲೆ ಕೆಲವು ದಿನ ಅವಳು ಮನುಷ್ಯಳೇ ಅಲ್ಲ. ಬಾಯಿಗೆ ಇಟ್ಟದ್ದು ಒಳಗೆ ನಿಲ್ಲುತ್ತಿರಲಿಲ್ಲ, ನಿಂತದ್ದು ಬೇಗ ಹೊರಗೆ ಓಡುತ್ತಿತ್ತು. ಅತ್ತಿಗೆ ನಸುಕಿನಲ್ಲೆದ್ದು ಗಂಜಿ ಮಾಡಿ, ನೀರು ಕಾಯಿಸಿ ಆರಿಸಿ ಮಂಚದ ಪಕ್ಕದಲ್ಲಿಟ್ಟು ಡಿಪೋಗೆ ಹೋಗುತ್ತಿದ್ದಳು. ಸಂಜೆ ಬಂದಾಗ ಗಂಜಿ ಇಟ್ಟ ಹಾಗೆಯೇ ಕೆನೆಗಟ್ಟಿ ಕೂತಿರುತ್ತಿತ್ತು.

ಸುಸ್ತು ಎಂಬ ಮಾತಿಗೆ ಆ ಮನೆಯಲ್ಲಿ ಅರ್ಥವೇ ಸವೆದುಹೋಗಿತ್ತು. ನಾದಿನಿಗೆ ಕಾಯಿಲೆಯ ಸುಸ್ತು. ಅತ್ತಿಗೆಗೆ ಹೇಳಿಕೊಳ್ಳಲಾಗದ ಸುಸ್ತು. ಕಾಯಿಲೆಯವರ ಮುಂದೆ ಕಾಲು ನೋಯುತ್ತದೆ ಎಂದರೆ ನಾಚಿಕೆಗೇಡು ಎಂದು ಅವಳು ಬಾಯಿ ಮುಚ್ಚಿಕೊಂಡಿದ್ದಳು. ಇವೆರಡರ ಮೇಲೆ ಜನರ ಸಲಹೆ ಬೇರೆ. ಎದುರುಮನೆಯವರು ಯಾವುದೋ ಎಲೆಯ ರಸ ತಂದುಕೊಟ್ಟರು. ಪರದೆ ಅಂಗಡಿಯ ಯಜಮಾನರು ಒಂದು ಪುಡಿ ಕಳಿಸಿದರು. ದೂರದ ಅತ್ತೆಯೊಬ್ಬರು ಫೋನಿನಲ್ಲಿ ಅರ್ಧ ಗಂಟೆ, ಬಿಸಿನೀರಿಗೆ ಏನೇನು ಹಾಕಿ ಕುಡಿಯಬೇಕೆಂದು ಹೇಳಿದರು. ನಾದಿನಿ ಎಲ್ಲದಕ್ಕೂ ಹೂಂ ಎಂದು, ಅವರು ಹೋದ ಮೇಲೆ ರಸವನ್ನು ಬಚ್ಚಲಿಗೆ ಸುರಿದು, ಪುಡಿಯನ್ನು ಕಸಕ್ಕೆ ಹಾಕುತ್ತಿದ್ದಳು. "ಕಾಯಿಲೆ ಒಂದು, ವೈದ್ಯರು ನೂರು ಜನ" ಎಂದು ಅತ್ತಿಗೆಯ ಹತ್ತಿರ ಮಾತ್ರ ಗೊಣಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಬಚ್ಚಲುಮನೆಯಿಂದ ಗೋಡೆ ಹಿಡಿದುಕೊಂಡು ಬರುವುದನ್ನು ನೋಡಿ ಅತ್ತಿಗೆಗೆ ತಡೆಯಲಾಗಲಿಲ್ಲ. ಫ್ರಿಜ್ಜಿನಿಂದ ಡಬ್ಬಿ ತಂದಳು.

"ಇದನ್ನ ತಗೋ ಪಿಟೀಲು. ನನಗೆ ಹೇಗಿತ್ತು, ಹೇಗಾಯ್ತು ನೋಡಿದ್ಯಲ್ಲ."

"ಏನದು?"

"ಒಳ್ಳೇ ಕ್ರಿಮಿಗಳು. ಹೊಟ್ಟೆಯಲ್ಲಿ ಇರಬೇಕಾದವು. ಮೊಸರಿದ್ದ ಹಾಗೆ ಅಂದ್ಕೋ."

ನಾದಿನಿ ಮಂಚದ ಅಂಚಿಗೆ ಕೂತು ಡಬ್ಬಿಯನ್ನು ತಿರುಗಿಸಿ ನೋಡಿದಳು. "ಡಾಕ್ಟ್ರನ್ನ ಒಂದ್ಮಾತು ಕೇಳೋಣ್ವಾ ಅತ್ತಿಗೆ?"

"ಅವರನ್ನ ಕೇಳಿದ್ರೆ ಎಲ್ಲದಕ್ಕೂ ಬೇಡ ಅಂತಾರೆ ಕಣೇ. ಹಣ್ಣು ತೊಳೆದ್ರೆ ಸಾಲದು, ಸಿಪ್ಪೆ ಸುಲಿದೇ ತಿನ್ನು ಅನ್ನೋರು ಅವರು. ಇದೇನು ವಿಷವಾ? ನಾನೇ ನುಂಗಿ ಗಟ್ಟಿಯಾಗಿ ನಿಂತಿದ್ದೀನಲ್ಲ ನಿನ್ನೆದುರಿಗೆ."

ನಾದಿನಿ ಅತ್ತಿಗೆಯ ಮುಖವನ್ನೇ ಒಂದು ಗಳಿಗೆ ನೋಡಿದಳು. ಯೂನಿಫಾರ್ಮಿನ ಒಂದು ಗುಂಡಿ ತಪ್ಪು ತೂತಿಗೆ ಹೋಗಿತ್ತು, ಕಣ್ಣ ಕೆಳಗೆ ಕಪ್ಪಗಿತ್ತು. ಮತ್ತೆ ಮಾತಾಡದೆ ಬಾಯಿ ತೆರೆದಳು. ಅತ್ತಿಗೆ ತಣ್ಣೀರು ಕುಡಿಸಿದಳು. ಅಂದು ಬಸ್ಸು ಓಡಿಸುವಾಗ ಅವಳ ಮನಸ್ಸು ಎಷ್ಟೋ ದಿನಗಳ ಮೇಲೆ ಹಗುರವಾಗಿತ್ತು. ತನ್ನ ಕೈಯಿಂದ ಏನೋ ಒಂದು ಆಗುತ್ತಿದೆ, ಬರೀ ಗಂಜಿ ಇಟ್ಟು ಓಡುವುದಲ್ಲ ಎಂಬ ಸಮಾಧಾನ. ಮರುದಿನವೂ ಕೊಟ್ಟಳು, ಅದರ ಮರುದಿನವೂ. ಎಲ್ಲ ಕ್ರಮವಾಗಿ, ಊಟಕ್ಕೆ ಮುಂಚೆ, ಬಿಸಿ ತಾಗಿಸದೆ. ಫಾರ್ಮಸಿಸ್ಟ್ ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಲಿಲ್ಲ.

ವಾರದ ರಜೆಯ ದಿನ ಬೆಳಿಗ್ಗೆ ಅತ್ತಿಗೆ ತಡವಾಗಿ ಎದ್ದಳು. ಗಂಜಿ ತೆಗೆದುಕೊಂಡು ಹೋದರೆ ನಾದಿನಿ ಎರಡು ಹೊದಿಕೆ ಹೊದ್ದು ನಡುಗುತ್ತಿದ್ದಳು. ಹಣೆ ಮುಟ್ಟಿದರೆ ಕೈ ಹಿಂದಕ್ಕೆ ಬಂತು. ಜ್ವರ ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಕಾಯುತ್ತ ಕೂರಬೇಡಿ, ಯಾವ ಹೊತ್ತಾದರೂ ಸರಿ ಹೊರಟುಬನ್ನಿ ಎಂದು ಆಸ್ಪತ್ರೆಯವರು ಮೊದಲ ದಿನವೇ ಹೇಳಿದ್ದರು. ಥರ್ಮಾಮೀಟರ್ ನೋಡಿದ್ದೇ ಅತ್ತಿಗೆ ಬೀದಿಗೆ ಓಡಿ ಆಟೋ ನಿಲ್ಲಿಸಿದಳು. ಇಡೀ ಊರಿನ ರಸ್ತೆ ಬಲ್ಲವಳಿಗೆ ಆಟೋದವನಿಗೆ ದಾರಿ ಹೇಳಲು ಬಾಯಿ ತೊದಲಿತು.

ವಾರ್ಡಿನಲ್ಲಿ ನಾದಿನಿಯನ್ನು ಬೇರೆಯೇ ಒಂದು ಕೋಣೆಗೆ ಹಾಕಿದರು. ರಕ್ತ ತೆಗೆದರು, ಡ್ರಿಪ್ ಹಾಕಿದರು. ದಾದಿಯ ಮುಖಕ್ಕೆ ಮಾಸ್ಕಿತ್ತು, ಕಣ್ಣು ಮಾತ್ರ ಕಾಣುತ್ತಿತ್ತು. "ಆಸ್ಪತ್ರೆ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೊಂಡ್ರಾ? ಪುಡಿ, ಕಷಾಯ, ವಿಟಮಿನ್ನು, ಏನಾದ್ರೂ?"

"ಏನಿಲ್ಲ" ಎಂದಳು ನಾದಿನಿ. ಹಲ್ಲು ಕಟಕಟ ಎನ್ನುತ್ತಿದ್ದರೂ ಆ ಮಾತು ಮಾತ್ರ ಸ್ಪಷ್ಟವಾಗಿ ಬಂತು.

ಅತ್ತಿಗೆ ಅವಳ ಕಡೆ ನೋಡಿದಳು. ನಾದಿನಿ ನೋಟ ತಪ್ಪಿಸಿ ಗೋಡೆಯ ಕಡೆ ತಿರುಗಿದಳು. ಅವಳು ಯಾಕೆ ಹಾಗೆ ಹೇಳಿದಳೆಂದು ಅತ್ತಿಗೆಗೆ ಆಗಲೇ ಹೊಳೆಯಿತು. ಅಂಗಡಿಯ ಬಾಗಿಲಲ್ಲಿ ಹಾರನ್ನಿಗೆ ಸಿಕ್ಕಿ ತುಂಡಾದ ಮಾತು ಏನಿದ್ದಿರಬಹುದೆಂಬುದೂ ಅದೇ ಗಳಿಗೆಯಲ್ಲಿ ಹೊಳೆಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದಾದಿ ಆಗಲೇ ಬಾಗಿಲ ಕಡೆ ಹೊರಟಿದ್ದಳು.

"ತಗೊಂಡಿದ್ದಾಳೆ ಸಿಸ್ಟರ್" ಎಂದಳು ಅತ್ತಿಗೆ. "ಪ್ರೋಬಯಾಟಿಕ್ಕು. ನಾನೇ ಕೊಟ್ಟೆ. ಅವಳು ಡಾಕ್ಟ್ರನ್ನ ಕೇಳೋಣ ಅಂದ್ಲು, ನಾನೇ ಬೇಡ ಅಂದೆ."

ದಾದಿ ನಿಂತಳು. ಬೈಯಲಿಲ್ಲ. ಹೆಸರೇನು, ಎಷ್ಟು ದಿನ ಕೊಟ್ಟಿರಿ ಎಂದು ಕೇಳಿ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದು ಅತ್ತಿಗೆಯನ್ನು ಕಾರಿಡಾರಿಗೆ ಕರೆದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕೂದಲನ್ನು ಪೆನ್ನು ಸಿಕ್ಕಿಸಿ ಗಂಟು ಹಾಕಿಕೊಂಡಿದ್ದರು, ಅವರ ಕಣ್ಣಲ್ಲೂ ನಿದ್ದೆ ಇರಲಿಲ್ಲ.

"ನೀವು ಹೇಳಿದ್ದು ಒಳ್ಳೇದಾಯ್ತು. ಲ್ಯಾಬಿನವರಿಗೆ ಏನು ಹುಡುಕಬೇಕು ಅಂತ ತಿಳಿಸೋಕಾಯ್ತು."

"ಅದ್ರಿಂದಾನೇ ಜ್ವರ ಬಂತಾ ಡಾಕ್ಟ್ರೇ?"

"ಗೊತ್ತಿಲ್ಲ ಅಮ್ಮ. ನಿಮಗೆ, ನನಗೆ ಅದು ಸಾಮಾನ್ಯವಾಗಿ ಏನೂ ಮಾಡಲ್ಲ. ಒಳಗೆ ಕಾವಲಿದೆ. ಈ ಚಿಕಿತ್ಸೇಲಿ ಅವರ ಬಿಳಿ ರಕ್ತಕಣ ತುಂಬಾ ಇಳಿದಿವೆ, ಕರುಳಿನ ಒಳಪದರಾನೂ ಹುಣ್ಣಾಗಿರತ್ತೆ. ಅಂಥಾ ಹೊತ್ತಲ್ಲಿ ಒಳ್ಳೇ ಕ್ರಿಮೀನೂ ರಕ್ತಕ್ಕೆ ದಾಟಿಬಿಡಬಹುದು. ಅಪರೂಪ, ಆದ್ರೆ ಆಗತ್ತೆ. ಎರಡು ದಿನ ಕಾಯಬೇಕು, ರಕ್ತದಲ್ಲಿ ಯಾವ್ದಾದ್ರೂ ಕ್ರಿಮಿ ಬೆಳೆಯತ್ತಾ ಅಂತ ನೋಡೋ ಕಲ್ಚರ್ ರಿಪೋರ್ಟ್ ಬರಲಿ."

"ನಾನು ಎಲ್ಲಾ ಸರಿಯಾಗೇ ಕೊಟ್ಟೆ ಡಾಕ್ಟ್ರೇ. ಹೊತ್ತು ಹೊತ್ತಿಗೆ. ತಣ್ಣೀರಲ್ಲಿ." ಹೇಳುತ್ತಿದ್ದ ಹಾಗೆಯೇ ತನ್ನ ಮಾತು ಎಷ್ಟು ಪೆದ್ದಾಗಿದೆ ಎನ್ನಿಸಿ ಅವಳು ನಿಲ್ಲಿಸಿದಳು.

ಡಾಕ್ಟರು ಅವಳ ತೋಳನ್ನು ಒಮ್ಮೆ ಮುಟ್ಟಿ ಮುಂದಿನ ಕೋಣೆಗೆ ಹೋದರು.

ಆ ಎರಡು ದಿನ ಅವಳು ಡಿಪೋಗೆ ರಜೆ ಹೇಳಿ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕಳೆದಳು. ಇಷ್ಟು ವರ್ಷ ಕೂತೇ ದುಡಿದವಳಿಗೆ ಕೂರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಸ್ಟೇರಿಂಗ್ ಇಲ್ಲದೆ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಮಾಸ್ಕ್ ಕಟ್ಟಿಕೊಂಡು ಒಳಗೆ ಹೋಗಲು ಬಿಟ್ಟಾಗ ನಾದಿನಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಯಾಕೆ ಹೇಳಿದ್ರಿ ಅತ್ತಿಗೆ? ನಾನು ಇಲ್ಲ ಅಂದಿದ್ದೆನಲ್ಲ."

"ಹೇಳದೆ ಹೇಗೇ ಇರ್ಲಿ?"

"ನಿಮ್ಮನ್ನ ಬೈತಾರೆ ಅಂತ."

"ಬೈಲಿಲ್ಲ. ಬೈದಿದ್ರೇ ಚೆನ್ನಾಗಿತ್ತು." ಅತ್ತಿಗೆ ಹೊದಿಕೆಯ ಅಂಚನ್ನು ಸರಿಮಾಡಿದಳು, ಸರಿಯಾಗಿದ್ದದ್ದನ್ನೇ ಮತ್ತೆ ಸರಿಮಾಡಿದಳು. "ಅವತ್ತು ಡಾಕ್ಟ್ರನ್ನ ಕೇಳೋಣ ಅಂದ್ಯಲ್ಲ, ಜೋರು ಮಾಡಿ ಹೇಳಬಾರದಾಗಿತ್ತಾ? ಎದುರುಮನೆ ರಸ ಬಚ್ಚಲಿಗೆ ಹೋಯ್ತು. ನಂದನ್ನ ಯಾಕೆ ನುಂಗಿದೆ?"

ನಾದಿನಿ ಕಣ್ಣು ತೆರೆದಳು. ಡ್ರಿಪ್ಪಿನ ಹನಿ ಬೀಳುತ್ತಿತ್ತು. "ನಿಮ್ಮ ಮುಖ ನೋಡಿ ನುಂಗಿದೆ" ಎಂದಳು. "ದಿನಾ ಬಂದು ಆ ಗಂಜಿ ನೋಡ್ತೀರಿ. ಏನೂ ಅನ್ನಲ್ಲ. ತಟ್ಟೆ ತಗೊಂಡು ಒಳಗೆ ಹೋಗ್ತೀರಿ. ನನ್ನಿಂದ ಗಂಜಿ ಅಂತೂ ಆಗಲ್ಲ, ಒಂದು ಮಾತ್ರೆನಾದ್ರೂ ನುಂಗಿದ್ರೆ ನಿಮಗೆ ಸಮಾಧಾನ ಆಗತ್ತೆ ಅಂತ."

ಅತ್ತಿಗೆಗೆ ಅಳು ಬಂದಿದ್ದರೆ ಒಳ್ಳೆಯದಿತ್ತು, ಅಳುವುದಕ್ಕೂ ದಣಿವು ಅಡ್ಡ ಬಂತು. ಮಾಸ್ಕಿನೊಳಗೆ ಬಿಸಿಯುಸಿರು ತುಂಬಿ ಉಸಿರು ಕಟ್ಟಿದ ಹಾಗಾಗಿ ಎದ್ದು ಹೊರಗೆ ಬಂದಳು.

ಮೂರನೆಯ ದಿನದ ಹೊತ್ತಿಗೆ ಜ್ವರ ಇಳಿಯಿತು. ರಿಪೋರ್ಟಿನಲ್ಲಿ ಏನೂ ಬೆಳೆದಿರಲಿಲ್ಲ. ಒಳ್ಳೆಯ ಕ್ರಿಮಿಯೂ ಇಲ್ಲ, ಕೆಟ್ಟದ್ದೂ ಇಲ್ಲ. "ಎಷ್ಟೋ ಸಲ ಹೀಗೇ, ಕಾರಣ ಸಿಗೋದೇ ಇಲ್ಲ. ಕಣಗಳು ಮೇಲೇರ್ತಿವೆ, ಅದು ಮುಖ್ಯ" ಎಂದರು ಡಾಕ್ಟರು. "ಇನ್ಮೇಲೆ ಏನೇ ಕೊಡೋದಿದ್ರೂ ಮೊದಲು ನಮ್ಮನ್ನ ಕೇಳಿ. ಮೊಸರಿನ ತರ ಅನ್ನಿಸಿದ್ರೂ ಕೇಳಿ."

"ಹಾಗಾದ್ರೆ ನನ್ನಿಂದ ಅಲ್ಲ ಅಂತಾನಾ?"

"ನಿಮ್ಮಿಂದ ಅಂತ ಹೇಳೋಕೆ ನನ್ನ ಹತ್ರ ಏನೂ ಇಲ್ಲ" ಎಂದರು ಅವರು. ಅದಕ್ಕಿಂತ ಹೆಚ್ಚಿನದನ್ನು ಕೊಡಲು ಅವರಿಂದ ಸಾಧ್ಯವಿರಲಿಲ್ಲ. ತಪ್ಪು ನಿನ್ನದು ಎಂದಿದ್ದರೆ ಅತ್ತಿಗೆ ಹೊತ್ತುಕೊಳ್ಳಲು ಸಿದ್ಧಳಿದ್ದಳು, ನಿನ್ನದಲ್ಲ ಎಂದಿದ್ದರೆ ಇಳಿಸಿ ಬರುತ್ತಿದ್ದಳು. ಎರಡೂ ಅಲ್ಲದ ಅದನ್ನು ಹಾಗೆಯೇ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಳು.

ಕೆಲಸ ಮತ್ತೆ ಶುರುವಾಯಿತು. ಒಂದು ಮಧ್ಯಾಹ್ನ ಅವಳು ಔಷಧಿ ಅಂಗಡಿಗೆ ಹೋಗಿ, "ಅವತ್ತು ಬಾಗಿಲಲ್ಲಿ ಕೂಗಿ ಏನೋ ಹೇಳ್ತಿದ್ರಲ್ಲ, ಏನದು?" ಎಂದು ಕೇಳಿದಳು. ಫಾರ್ಮಸಿಸ್ಟ್ ಕನ್ನಡಕವನ್ನು ಮೇಲೇರಿಸಿ ಅವಳನ್ನು ನೋಡಿದಳು. ಜ್ಞಾಪಕವಿರಲಿಲ್ಲ. "ದಿನಾ ಎಷ್ಟೋ ಜನಕ್ಕೆ ಹೇಳ್ತೀನಮ್ಮ. ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಚಿಕಿತ್ಸೆ, ಕಿಡ್ನಿ ಕಸಿ, ಅಂಥದ್ದೇನಾದ್ರೂ ಇದ್ರೆ ಡಾಕ್ಟ್ರನ್ನ ಕೇಳದೆ ಕೊಡಬೇಡಿ ಅಂದಿರ್ತೀನಿ. ಯಾಕೆ, ಏನಾಯ್ತು?"

"ಏನಿಲ್ಲ" ಎಂದಳು ಅವಳು. "ಈಗ ಎಲ್ಲಾ ಸರಿ ಹೋಯ್ತು." ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು, ಜಾಗ ಬಿಟ್ಟು ಹೊರಗೆ ಬಂದಳು.

ಆ ಸಂಜೆ ಮನೆಗೆ ಬಂದವಳೇ ಅಭ್ಯಾಸದ ಮೇಲೆ ಚಪ್ಪಲಿ ಬಿಟ್ಟು ನೇರ ಒಲೆಯ ಹತ್ತಿರ ಹೋಗಿ ಪಾತ್ರೆಯಲ್ಲಿ ನೀರಿಟ್ಟಳು. ಹಜಾರದಿಂದ ನಾದಿನಿ ಕರೆದಳು.

"ಅತ್ತಿಗೆ, ಏನ್ಮಾಡ್ತಿದ್ದೀರಿ?"

"ಗಂಜಿಗಿಡ್ತಿದ್ದೀನಿ. ಇಲ್ಲ, ಬೇರೆ ಏನಾದ್ರೂ ಮಾಡ್ಲಾ? ಹಣ್ಣು ಸುಲಿದು ಕೊಡ್ಲಾ? ಡಾಕ್ಟ್ರು ಹಣ್ಣು ತಿನ್ನಬಹುದು ಅಂದಿದ್ದಾರೆ."

"ಏನೂ ಬೇಡ. ಹಸಿವಾದ್ರೆ ನಾನೇ ಕೇಳ್ತೀನಿ. ಇಲ್ಲಿ ಬಂದು ಕೂತ್ಕೊಳ್ಳಿ."

"ಕೂತ್ಕೊಂಡು?"

"ಕೂತ್ಕೊಂಡು ಏನು? ಸುಮ್ನೆ ಕೂತ್ಕೊಳ್ಳಿ. ನೀವು ನನ್ನ ಹತ್ರ ಕೂತು ಎಷ್ಟು ದಿನ ಆಯ್ತು? ಯಾವಾಗ ನೋಡಿದ್ರೂ ಕೈಯಲ್ಲಿ ಒಂದು ಲೋಟ, ಇಲ್ಲ ಒಂದು ತಟ್ಟೆ. ನನಗೆ ನಿಮ್ಮನ್ನ ಕಂಡ್ರೆ ಆಸ್ಪತ್ರೆಯೋರನ್ನ ಕಂಡ ಹಾಗೇ ಆಗ್ಬಿಟ್ಟಿದೆ."

ಅತ್ತಿಗೆಗೆ ಮೊದಲು ಸಿಟ್ಟು ಬಂತು. ಇಷ್ಟೆಲ್ಲ ಮಾಡಿದ್ದಕ್ಕೆ ಈ ಮಾತಾ ಎಂದು ತುಟಿಯವರೆಗೆ ಬಂದದ್ದು ಅಲ್ಲಿಯೇ ನಿಂತಿತು. ನಾದಿನಿಯ ದನಿಯಲ್ಲಿ ಆ ಹಳೆಯ ಎಳೆತ ಇತ್ತು, ಕಾಯಿಲೆ ಬಿದ್ದಂದಿನಿಂದ ಕೇಳಿಸದೆ ಹೋಗಿದ್ದ ರಾಗ. ಅವಳು ಕೈ ಒರೆಸಿಕೊಂಡು ಬಂದು ಕುರ್ಚಿ ಎಳೆದು ಕೂತಳು. ಯೂನಿಫಾರ್ಮು ಕೂಡ ಬಿಚ್ಚಿರಲಿಲ್ಲ.

"ಏನಾದ್ರೂ ಹೇಳಿ" ಎಂದಳು ನಾದಿನಿ.

"ಏನು ಹೇಳ್ಲಿ? ಇವತ್ತು ಒಬ್ಬಳು ಹೆಂಗಸು ಬಸ್ಸಲ್ಲಿ ಕೊಡೆ ಮರೆತುಹೋದಳು. ಒಂದು ಸ್ಟಾಪು ಬಸ್ಸಿನ ಹಿಂದೆ ಓಡಿಬಂದಳು. ನಿಲ್ಲಿಸಿ ಕೊಟ್ಟೆ. ತಗೊಂಡು, ಇದು ನಂದಲ್ಲ ಅಂದ್ಲು."

"ಮತ್ತೆ ಓಡಿಬಂದದ್ದು?"

"ಅವಳದ್ದು ನೀಲಿ ಅಂತೆ. ಇದು ಕಪ್ಪು. ಅದಕ್ಕೆ ನನಗೇ ಬೈದ್ಲು."

ನಾದಿನಿ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು, ಕೆಮ್ಮಿ ಮತ್ತೆ ನಕ್ಕಳು. ಅತ್ತಿಗೆ ಎದ್ದು ನೀರು ತರಲು ಹೊರಟವಳು ಅವಳ ಕಣ್ಸನ್ನೆ ಕಂಡು ಮತ್ತೆ ಕೂತಳು. ಇನ್ನೂ ಏನೋ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಕುರ್ಚಿಯ ಬೆನ್ನಿಗೆ ತಲೆ ಒರಗಿತು, ಕಣ್ಣು ತಾನಾಗಿಯೇ ಮುಚ್ಚಿತು.

"ಆಮೇಲೆ ಆ ಕಪ್ಪು ಕೊಡೆ ಏನಾಯ್ತು ಅತ್ತಿಗೆ?"

ಉತ್ತರ ಬರಲಿಲ್ಲ. ಒಲೆಯ ಮೇಲೆ ನೀರು ಕುದಿಯುವ ಸದ್ದು ಕೇಳಿಸುತ್ತಿತ್ತು. ನಾದಿನಿ ಹೊದಿಕೆ ಸರಿಸಿ, ಗೋಡೆ ಹಿಡಿದುಕೊಂಡು ನಿಧಾನವಾಗಿ ಎದ್ದು, ಹೋಗಿ ಒಲೆ ಆರಿಸಿ ಬಂದಳು.